ಒಂದು ಮಹಾಸಂಖ್ಯೆಯ ಕಥೆ

147573952589676412927.

ಇಪ್ಪತ್ತೊಂದು ಅಂಕೆಗಳ ಈ ಸಂಖ್ಯೆ ಮೊದಲ ನೋಟಕ್ಕೆ ಗೊತ್ತುಗುರಿಯಿಲ್ಲದ ಅಂಕೆಗಳ ಸಾಲಿನಂತೆ ತೋರುತ್ತದೆ. ಆದರೆ ಗಣಿತದ ಇತಿಹಾಸದಲ್ಲಿ ಇದಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಒಬ್ಬ ವಿದ್ವಾಂಸನ ಹೇಳಿಕೆಯ ಫಲವಾಗಿ ಇನ್ನೂರ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಉಳಿದುಕೊಂಡಿತ್ತು. ಆ ತಪ್ಪನ್ನು ಒಬ್ಬನು ತರ್ಕದಿಂದ ಬಯಲಿಗೆಳೆದನು. ಮತ್ತೊಬ್ಬನು ಗುಣಾಕಾರದಿಂದ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದನು. ಗಣಿತದಲ್ಲಿ ಒಂದು ಮಾತು ಹೇಗೆ ಸತ್ಯವೆನಿಸಿಕೊಳ್ಳುತ್ತದೆ ಎಂಬುದನ್ನು ಈ ಒಂದೇ ಸಂಖ್ಯೆಯ ಕಥೆಯಿಂದ ತಿಳಿಯಬಹುದು.

ಮೊದಲಿಗೆ ಇದರ ಗಾತ್ರವನ್ನು ಗಮನಿಸೋಣ. ಸೆಕೆಂಡಿಗೆ ಒಂದರಂತೆ ಹಗಲಿರುಳೂ ಎಣಿಸುತ್ತ ಹೋದರೆ ಈ ಸಂಖ್ಯೆಯನ್ನು ಮುಟ್ಟಲು ಸುಮಾರು 4 ಲಕ್ಷ 67 ಸಾವಿರ ಕೋಟಿ ವರ್ಷಗಳು ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷಗಳೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಎಂದರೆ ವಿಶ್ವದ ವಯಸ್ಸಿನ ಮುನ್ನೂರು ಪಟ್ಟಿಗಿಂತಲೂ ಹೆಚ್ಚಿನ ಕಾಲ! ಸಾವಿರ, ಲಕ್ಷ, ಕೋಟಿಗಳಲ್ಲಿ ವ್ಯವಹರಿಸುವ ನಾಲಿಗೆಗೆ ಇಂಥ ಸಂಖ್ಯೆಯನ್ನು ಓದುವುದೇ ಕಷ್ಟ. ಆದರೆ ನಮ್ಮ ನಾಡಿನಲ್ಲಿ ಇಷ್ಟು ದೊಡ್ಡ ಸ್ಥಾನಗಳಿಗೂ ಹೆಸರುಗಳಿದ್ದವು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾನೆ. ಅವುಗಳಲ್ಲಿ ಇಪ್ಪತ್ತೊಂದನೆಯದು ಕ್ಷಿತಿ. ಆ ಕ್ರಮದಲ್ಲಿ ಓದಿದರೆ ನಮ್ಮ ಸಂಖ್ಯೆಯಲ್ಲಿ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ, ಐದು ಮಹಾಕ್ಷೋಣಿ, ಏಳು ಕ್ಷೋಣಿ, ಹೀಗೆ ಕೆಳಕ್ಕಿಳಿಯುತ್ತ ಕೊನೆಗೆ ಎರಡು ದಶ, ಏಳು ಏಕಗಳಿವೆ.

ಗಾತ್ರ ಎಷ್ಟೇ ದೊಡ್ಡದಾದರೂ ಇದರ ಹುಟ್ಟು ಬಹು ಸರಳವಾದುದು. ಚದುರಂಗದ ಮಣೆಯ ಮೊದಲನೆಯ ಮನೆಯಲ್ಲಿ ಒಂದು ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗುವಂತೆ ಕಾಳುಗಳನ್ನು ಬೇಡಿದ ಜಾಣನ ಕಥೆಯನ್ನು ಬಹುಮಂದಿ ಕೇಳಿರುತ್ತಾರೆ. ಮೊದಲ ಮೂರು ಮನೆಗಳ ಕಾಳುಗಳನ್ನು ಕೂಡಿಸಿದರೆ 1 + 2 + 4 = 7. ಇದು ನಾಲ್ಕನೆಯ ಮನೆಯ 8 ಕಾಳುಗಳಿಗಿಂತ ಒಂದು ಕಡಿಮೆ. ಎಷ್ಟು ಮನೆಗಳನ್ನು ತೆಗೆದುಕೊಂಡರೂ ಹೀಗೆಯೇ: ಅದುವರೆಗಿನ ಮನೆಗಳ ಮೊತ್ತ ಮುಂದಿನ ಮನೆಗಿಂತ ಒಂದು ಕಡಿಮೆಯಾಗಿರುತ್ತದೆ. ಆದುದರಿಂದ ಅರವತ್ತನಾಲ್ಕು ಮನೆಗಳ ಒಟ್ಟು ಕಾಳುಗಳು 2⁶⁴ – 1, ಅಂದರೆ 18446744073709551615. ಈ ಮಣೆಗೆ ಇನ್ನು ಮೂರು ಮನೆಗಳನ್ನು ಜೋಡಿಸಿ ಅರವತ್ತೇಳು ಮಾಡಿದರೆ ದೊರೆಯುವ ಮೊತ್ತವೇ ನಮ್ಮ ಸಂಖ್ಯೆ. ಅದು 2⁶⁷ – 1. ಎರಡನ್ನು ಅರವತ್ತೇಳು ಸಲ ಬರೆದು ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದಾಗ ಉಳಿಯುವುದು. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳನ್ನು ಬಳಸುವ ದ್ವಿಮಾನ ಪದ್ಧತಿಯಲ್ಲಿ ಇದನ್ನು ಬರೆದರೆ ಅರವತ್ತೇಳು ಒಂದುಗಳು ಸಾಲಾಗಿ ನಿಲ್ಲುತ್ತವೆ. ನಡುವೆ ಒಂದೂ ಸೊನ್ನೆ ಇರುವುದಿಲ್ಲ.

ಇಂಥ ಸಂಖ್ಯೆಯ ಬಗೆಗೆ ಗಣಿತಜ್ಞರು ಕೇಳಿದ ಪ್ರಶ್ನೆ ಒಂದೇ: ಇದು ಅವಿಭಾಜ್ಯವೇ, ಅಲ್ಲವೇ? ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13 ಇವು ಅವಿಭಾಜ್ಯಗಳು. ಹಾಗಲ್ಲದ 4, 6, 8, 9 ಮುಂತಾದವು ಸಂಯುಕ್ತ ಸಂಖ್ಯೆಗಳು. ಕಲ್ಲುಗಳಿಂದ ಗೋಡೆಯನ್ನು ಕಟ್ಟುವಂತೆ ಅವಿಭಾಜ್ಯಗಳನ್ನು ಗುಣಿಸಿ ಉಳಿದೆಲ್ಲ ಸಂಖ್ಯೆಗಳನ್ನು ಕಟ್ಟಬಹುದು. ಆದುದರಿಂದಲೇ ಒಂದು ಸಂಖ್ಯೆ ಗೋಡೆಯೋ ಕಲ್ಲೋ ಎಂದು ತಿಳಿಯುವ ಕುತೂಹಲ ಗಣಿತದಷ್ಟೇ ಹಳೆಯದು.

ಎರಡರ ಘಾತದಿಂದ ಒಂದನ್ನು ಕಳೆದು ಪಡೆದ ಸಂಖ್ಯೆಗಳಲ್ಲಿ ಒಂದು ನಿಯಮ ಬೇಗನೆ ಗೋಚರಿಸುತ್ತದೆ. ಘಾತಸೂಚಿ ಸಂಯುಕ್ತವಾಗಿದ್ದರೆ ಫಲವೂ ಸಂಯುಕ್ತವೇ. 2⁴ – 1 ಎಂದರೆ 15, 2⁶ – 1 ಎಂದರೆ 63, ಎರಡೂ ಸಂಯುಕ್ತಗಳು. ಘಾತಸೂಚಿ ಅವಿಭಾಜ್ಯವಾಗಿದ್ದಾಗ ಮಾತ್ರ ಫಲವೂ ಅವಿಭಾಜ್ಯವಾಗುವ ಸಂಭವವಿದೆ. ಘಾತಸೂಚಿ 2, 3, 5, 7 ಆದಾಗ ದೊರೆಯುವ 3, 7, 31, 127 ಇವೆಲ್ಲ ಅವಿಭಾಜ್ಯಗಳು. ಇಷ್ಟನ್ನು ಕಂಡವರು ನಿಯಮವು ಎಲ್ಲೆಡೆಯೂ ನಡೆಯುತ್ತದೆಂದು ಭಾವಿಸುವುದು ಸಹಜ. ಆದರೆ 11ರಲ್ಲಿ ಅದು ಮುರಿದುಬೀಳುತ್ತದೆ. 2¹¹ – 1 = 2047; ಇದು 23 ಮತ್ತು 89ರ ಗುಣಲಬ್ಧ. ನಾಲ್ಕು ಉದಾಹರಣೆಗಳು ಸರಿಹೋದ ಮಾತ್ರಕ್ಕೆ ಐದನೆಯದೂ ಸರಿಹೋಗುವುದೆಂಬ ಭರವಸೆ ಗಣಿತದಲ್ಲಿಲ್ಲ.

ಈ ಬಗೆಯ ಅವಿಭಾಜ್ಯಗಳಿಗೆ ಇನ್ನೊಂದು ಆಕರ್ಷಣೆಯಿತ್ತು. 6 ಎಂಬ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕವಾದ ಸಂಖ್ಯೆಗಳು 1, 2, 3. ಅವುಗಳ ಮೊತ್ತವೂ 6. ಹಾಗೆಯೇ 28ರ ಭಾಜಕಗಳಾದ 1, 2, 4, 7, 14 ಇವುಗಳ ಮೊತ್ತ 28. ಇಂಥವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. 2ರ ಒಂದು ಘಾತದಿಂದ 1ನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದನ್ನು ಎರಡರ ಹಿಂದಿನ ಘಾತದಿಂದ ಗುಣಿಸಿ ಒಂದು ಪರಿಪೂರ್ಣ ಸಂಖ್ಯೆಯನ್ನು ಪಡೆಯಬಹುದೆಂದು ಯೂಕ್ಲಿಡ್ ಸಾಧಿಸಿದ್ದನು. 3ನ್ನು 2ರಿಂದ ಗುಣಿಸಿದರೆ 6. 7ನ್ನು 4ರಿಂದ ಗುಣಿಸಿದರೆ 28. 31ನ್ನು 16ರಿಂದ ಗುಣಿಸಿದರೆ 496. ನಮ್ಮ ಮಹಾಸಂಖ್ಯೆ ಅವಿಭಾಜ್ಯವಾಗಿದ್ದರೆ ಅದರಿಂದಲೂ 41 ಅಂಕೆಗಳ ಒಂದು ಪರಿಪೂರ್ಣ ಸಂಖ್ಯೆ ಲಭಿಸುತ್ತಿತ್ತು.

ಲಭಿಸುತ್ತದೆ ಎಂದೇ ಹೇಳಿದವನು ಮಾರಿನ್ ಮರ್ಸೆನ್. 1588ರಲ್ಲಿ ಜನಿಸಿ 1648ರಲ್ಲಿ ತೀರಿಕೊಂಡ ಈತ ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿ. ಪ್ಯಾರಿಸ್ ನಗರದ ಮಠದಲ್ಲಿದ್ದುಕೊಂಡು ಅವನು ಯೂರೋಪಿನ ಅನೇಕ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸುತ್ತಿದ್ದನು. ವಿಜ್ಞಾನ ಪತ್ರಿಕೆಗಳು ಇನ್ನೂ ಹುಟ್ಟಿರದ ಆ ಕಾಲದಲ್ಲಿ ಒಬ್ಬರ ಶೋಧ ಇನ್ನೊಬ್ಬರಿಗೆ ತಲುಪುತ್ತಿದ್ದುದು ಬಹುಮಟ್ಟಿಗೆ ಇಂಥ ಪತ್ರಗಳ ಮೂಲಕವೇ. 1644ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮರ್ಸೆನ್ ಒಂದು ಪಟ್ಟಿಯನ್ನು ಕೊಟ್ಟನು. ಘಾತಸೂಚಿಯನ್ನು 257ರವರೆಗೆ ಏರಿಸಿದಾಗ 2, 3, 5, 7, 13, 17, 19, 31, 67, 127, 257 ಈ ಹನ್ನೊಂದು ಸಂದರ್ಭಗಳಲ್ಲಿ ಮಾತ್ರ ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆಂದು ಅವನು ಸಾರಿದನು. ಪಟ್ಟಿಯಲ್ಲಿ ಒಂಬತ್ತನೆಯದು 67. ಈ ಮಾತಿಗೆ ಅವನು ಸಾಧನೆಯನ್ನು ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕೆಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಕಾಲವೆಲ್ಲವೂ ಸಾಲದೆಂದು ಅವನೇ ಒಪ್ಪಿಕೊಂಡಿದ್ದನು. ಆದರೂ ಹೇಳಿದವನ ಕೀರ್ತಿ ದೊಡ್ಡದು, ಪರೀಕ್ಷೆಯ ದಾರಿ ದುರ್ಗಮ; ಪಟ್ಟಿ ಹಾಗೆಯೇ ಉಳಿಯಿತು.

ಆ ದಾರಿ ಎಷ್ಟು ದುರ್ಗಮವೆಂಬುದನ್ನು ಲೆಕ್ಕದಿಂದಲೇ ಕಾಣಬಹುದು. ಚಿಕ್ಕ ಭಾಜಕಗಳ ಪರೀಕ್ಷೆಯೇನೋ ಸುಲಭ. ಎರಡರ ಘಾತಗಳ ಬಿಡಿಸ್ಥಾನದ ಅಂಕೆ 2, 4, 8, 6 ಎಂಬ ಕ್ರಮದಲ್ಲಿ ಮರುಕಳಿಸುತ್ತದೆ. 67ನ್ನು 4ರಿಂದ ಭಾಗಿಸಿದರೆ ಶೇಷ 3. ಆದುದರಿಂದ 2⁶⁷ರ ಕೊನೆಯ ಅಂಕೆ 8, ನಮ್ಮ ಸಂಖ್ಯೆಯ ಕೊನೆಯ ಅಂಕೆ 7. ಅದು 2ರಿಂದಾಗಲಿ 5ರಿಂದಾಗಲಿ ಭಾಗವಾಗದು. ಅದರ ಅಂಕೆಗಳ ಮೊತ್ತ 109. ಇದು 3ರಿಂದ ಭಾಗವಾಗದಿರುವುದರಿಂದ ಆ ಸಂಖ್ಯೆಯೂ 3ರಿಂದ ಭಾಗವಾಗದು. ಆದರೆ ಮುಂದೆ? ಸಂಯುಕ್ತ ಸಂಖ್ಯೆಯ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಅದರ ವರ್ಗಮೂಲವನ್ನು ಮೀರಲಾರದು. ಆದುದರಿಂದ ವರ್ಗಮೂಲದವರೆಗೆ ಪರೀಕ್ಷಿಸಿದರೆ ಸಾಕು. ಈ ಸಂಖ್ಯೆಯ ವರ್ಗಮೂಲ ಸುಮಾರು 1,214 ಕೋಟಿ! ಸಮಸಂಖ್ಯೆಗಳನ್ನು ಕೈಬಿಟ್ಟರೂ ಸುಮಾರು 607 ಕೋಟಿ ಭಾಗಾಕಾರಗಳು ಉಳಿಯುತ್ತವೆ. ನಿಮಿಷಕ್ಕೊಂದರಂತೆ, ಊಟ ನಿದ್ರೆಗಳಿಲ್ಲದೆ ಮಾಡಿದರೂ ಹನ್ನೊಂದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬೇಕು. ಬರಿಯ ಶ್ರಮದಿಂದ ಆಗುವ ಕೆಲಸ ಇದಲ್ಲ. ಇದಕ್ಕೆ ಯುಕ್ತಿ ಬೇಕು.

ಮೊದಲ ಯುಕ್ತಿಯನ್ನು ಒದಗಿಸಿದವನು ಫ್ರಾನ್ಸಿನ ಪಿಯರ್ ದ ಫರ್ಮಾ. 1640ರಲ್ಲಿ ಮರ್ಸೆನ್‌ನಿಗೇ ಬರೆದ ಪತ್ರದಲ್ಲಿ ಅವನು ಒಂದು ಸುಂದರ ನಿಯಮವನ್ನು ತಿಳಿಸಿದನು. ಘಾತಸೂಚಿ ಎರಡಕ್ಕಿಂತ ದೊಡ್ಡ ಅವಿಭಾಜ್ಯವಾಗಿದ್ದರೆ, ಅದರಿಂದ ದೊರೆತ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೇ ಆಗಲಿ, ಘಾತಸೂಚಿಯ ಇಮ್ಮಡಿಯಿಂದ ಭಾಗಿಸಿದಾಗ 1 ಶೇಷವನ್ನು ಕೊಡುತ್ತದೆ. 2047ರಲ್ಲಿ ಘಾತಸೂಚಿ 11, ಅದರ ಇಮ್ಮಡಿ 22. ಅಪವರ್ತನಗಳಾದ 23 ಮತ್ತು 89 ಎರಡೂ 22ರಿಂದ ಭಾಗಿಸಿದಾಗ 1 ಶೇಷವನ್ನು ಉಳಿಸುತ್ತವೆ. ಈ ನಿಯಮವನ್ನು ಹಿಡಿದು ಫರ್ಮಾ 2³⁷ – 1 ಎಂಬ ಹನ್ನೆರಡು ಅಂಕೆಗಳ ಸಂಖ್ಯೆಯಲ್ಲಿ 223 ಎಂಬ ಅಪವರ್ತನವನ್ನು ಕಂಡುಹಿಡಿದನು. ಮುಂದೆ ಆಯ್ಲರ್ ಎಂಬ ಮಹಾಗಣಿತಜ್ಞನ ಕಾಲಕ್ಕೆ ಇನ್ನೊಂದು ನಿಯಮವೂ ಬಳಕೆಗೆ ಬಂತು: ಇಂಥ ಅಪವರ್ತನಗಳನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಆಗಿರಲೇಬೇಕು. 1772ರಲ್ಲಿ ಆಯ್ಲರ್ 2³¹ – 1, ಅಂದರೆ 2147483647 ಅವಿಭಾಜ್ಯವೆಂದು ಸಾಧಿಸಿ ಮರ್ಸೆನ್‌ನ ಪಟ್ಟಿಯ ಎಂಟನೆಯ ಸಂಖ್ಯೆಯನ್ನು ಸ್ಥಿರಪಡಿಸಿದನು. ಮುಂದಿನದು 67. ಇಲ್ಲಿ ಘಾತಸೂಚಿಯ ಇಮ್ಮಡಿ 134. ಎರಡು ನಿಯಮಗಳನ್ನೂ ಬಳಸಿದರೆ ಪರೀಕ್ಷಿಸಬೇಕಾದ ಸಂಖ್ಯೆಗಳು 607 ಕೋಟಿಯಿಂದ ಸುಮಾರು ನಾಲ್ಕೂವರೆ ಕೋಟಿಗೆ ಇಳಿಯುತ್ತವೆ. ದೊಡ್ಡ ಉಳಿತಾಯವೇ ನಿಜ. ಆದರೆ ಒಬ್ಬ ಮನುಷ್ಯನ ಆಯುಷ್ಯಕ್ಕೆ ಅದೂ ಹೆಚ್ಚೇ.

1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಎಂಬ ಗಣಿತಜ್ಞನು ಬೇರೊಂದು ಬಾಗಿಲನ್ನು ತೆರೆದನು. ಅಪವರ್ತನಗಳನ್ನು ಹುಡುಕದೆಯೇ ಸಂಖ್ಯೆ ಅವಿಭಾಜ್ಯವೇ ಎಂದು ನಿರ್ಧರಿಸುವ ಪರೀಕ್ಷೆ ಅವನದು. ಅದನ್ನು ಮುಂದೆ ಅಮೆರಿಕದ ಲೆಮರ್ ಸರಳಗೊಳಿಸಿದನು. ಆ ಸರಳ ರೂಪ ಹೀಗಿದೆ: 4ರಿಂದ ಆರಂಭಿಸಿ, ಪ್ರತಿಸಲವೂ ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ 2ನ್ನು ಕಳೆಯಬೇಕು, ಬಂದುದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಸಂಯುಕ್ತ. 31ನ್ನು ಪರೀಕ್ಷಿಸೋಣ. ಇದರ ಘಾತಸೂಚಿ 5; ಆದುದರಿಂದ ಮೂರು ಸಲ ಮಾಡಬೇಕು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62. 31ರಿಂದ ಭಾಗಿಸಿದರೆ ಶೇಷ 0. ಆದುದರಿಂದ 31 ಅವಿಭಾಜ್ಯ. 2047ನ್ನು ಹೀಗೆಯೇ ಒಂಬತ್ತು ಸಲ ಪರೀಕ್ಷಿಸಿದರೆ ಕೊನೆಗೆ 1736 ಉಳಿಯುತ್ತದೆ; ಸೊನ್ನೆಯಲ್ಲ. ಆದುದರಿಂದ ಅದು ಸಂಯುಕ್ತ.

ಇಂಥ ವಿಧಾನದಿಂದ ಲ್ಯೂಕಾ ಎರಡು ಫಲಿತಾಂಶಗಳನ್ನು ಪಡೆದನು. 39 ಅಂಕೆಗಳ 2¹²⁷ – 1 ಅವಿಭಾಜ್ಯವೆಂದು ತೋರಿಸಿದ್ದು ಒಂದು; ಮರ್ಸೆನ್‌ನ ಮಾತು ಅಲ್ಲಿ ಸರಿಯಾಗಿತ್ತು. 2⁶⁷ – 1 ಅವಿಭಾಜ್ಯವಲ್ಲವೆಂದು ತೋರಿಸಿದ್ದು ಇನ್ನೊಂದು. ಹೀಗೆ 1644ರ ಹೇಳಿಕೆ 232 ವರ್ಷಗಳ ಅನಂತರ ಸುಳ್ಳೆಂದು ಗೊತ್ತಾಯಿತು. ಆದರೆ ಇಲ್ಲೊಂದು ವಿಚಿತ್ರವಿದೆ. ಸಂಖ್ಯೆ ಒಡೆಯುತ್ತದೆಂದು ತಿಳಿಯಿತು. ಎಲ್ಲಿ ಒಡೆಯುತ್ತದೆಂದು ತಿಳಿಯಲಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ಬಡಿದು ನೋಡುತ್ತಾರೆ. ಬಿರುಕು ಬಿಟ್ಟ ಮಡಕೆಯ ಸದ್ದೇ ಬೇರೆ. ಬಿರುಕು ಕಣ್ಣಿಗೆ ಬೀಳದಿದ್ದರೂ ಅದು ಇದೆ ಎಂಬುದರಲ್ಲಿ ಸಂಶಯವಿರುವುದಿಲ್ಲ. ಲ್ಯೂಕಾ ಈ ಸಂಖ್ಯೆಯನ್ನು ಬಡಿದು ನೋಡಿದ್ದನು. ಬಿರುಕನ್ನು ತೋರಿಸುವ ಕೆಲಸ ಉಳಿದಿತ್ತು.

ಆ ಕೆಲಸವನ್ನು ಕೈಗೆತ್ತಿಕೊಂಡವನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ಸೇರಿತ್ತು. ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ವಿಷಯದ ಮೇಲೆ ಕೋಲ್ ಪ್ರಬಂಧ ಮಂಡಿಸಬೇಕಾಗಿತ್ತು. ಅಂದಿನ ಪ್ರಸಂಗವನ್ನು ಗಣಿತಜ್ಞ ಬೆಲ್ ತನ್ನ ಗ್ರಂಥವೊಂದರಲ್ಲಿ ವರ್ಣಿಸಿದ್ದಾನೆ. ಮಿತಭಾಷಿಯಾದ ಕೋಲ್ ಎದ್ದು ಕಪ್ಪುಹಲಗೆಯ ಬಳಿಗೆ ನಡೆದನು. ಒಂದು ಮಾತನ್ನೂ ಆಡದೆ ಎರಡರ ಅರವತ್ತೇಳನೆಯ ಘಾತವನ್ನು ಲೆಕ್ಕ ಹಾಕಿ ಬರೆದು, ಅದರಿಂದ ಒಂದನ್ನು ಕಳೆದನು. ಅನಂತರ ಹಲಗೆಯ ಖಾಲಿ ಭಾಗಕ್ಕೆ ಸರಿದು,

193707721 × 761838257287

ಎಂದು ಬರೆದು, ಶಾಲೆಯಲ್ಲಿ ಕಲಿಸುವ ಕ್ರಮದಲ್ಲಿಯೇ ಸಾಲುಸಾಲಾಗಿ ಗುಣಿಸಿದನು. ಎರಡು ಕಡೆಯ ಉತ್ತರಗಳೂ ಒಂದೇ ಆಗಿದ್ದುವು. ಕೋಲ್ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, ಮೌನವಾಗಿಯೇ ಹೋಗಿ ತನ್ನ ಸ್ಥಳದಲ್ಲಿ ಕುಳಿತನು. ಸಭೆ ಚಪ್ಪಾಳೆಯಿಂದ ತುಂಬಿತು. ಯಾರೂ ಪ್ರಶ್ನೆ ಕೇಳಲಿಲ್ಲ; ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಈ ಅಪವರ್ತನಗಳನ್ನು ಪಡೆಯಲು ಎಷ್ಟು ಕಾಲ ಹಿಡಿಯಿತೆಂದು ಮುಂದೊಮ್ಮೆ ಬೆಲ್ ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಕೋಲ್ ಉತ್ತರಿಸಿದನಂತೆ. ಮೂರು ವರ್ಷಗಳೆಂದರೆ ಸುಮಾರು 156 ಭಾನುವಾರಗಳು. ಇದರ ಹಿಂದಿನ ಶ್ರಮವನ್ನೂ ಜಾಣ್ಮೆಯನ್ನೂ ಅಳೆದು ನೋಡಬಹುದು. ಫರ್ಮಾನ ನಿಯಮದಂತೆ 193707721ರಿಂದ 1ನ್ನು ಕಳೆದು 134ರಿಂದ ಭಾಗಿಸಿದರೆ ನಿಶ್ಶೇಷವಾಗಿ 14,45,580 ಬರುತ್ತದೆ. ಎಂದರೆ, 134ರ ಗುಣಕಗಳಿಗೆ 1 ಕೂಡಿಸುತ್ತ ಕ್ರಮವಾಗಿ ಪರೀಕ್ಷಿಸುವವನಿಗೆ ಇದು ಹದಿನಾಲ್ಕು ಲಕ್ಷದ ನಲವತ್ತೈದು ಸಾವಿರದ ಐನೂರ ಎಂಬತ್ತನೆಯ ಸಂಖ್ಯೆ. ಎಂಟರ ನಿಯಮದಿಂದ ಅರ್ಧದಷ್ಟನ್ನು ತಳ್ಳಿಹಾಕಿದರೂ ಏಳು ಲಕ್ಷಕ್ಕೂ ಹೆಚ್ಚು ಭಾಗಾಕಾರಗಳು ಉಳಿಯುತ್ತವೆ. ಭಾನುವಾರಕ್ಕೆ ನಾಲ್ಕು ಸಾವಿರದ ಆರುನೂರಕ್ಕೂ ಹೆಚ್ಚು! ದಿನಕ್ಕೆ ಹತ್ತು ಗಂಟೆ ದುಡಿದರೆ ನಿಮಿಷಕ್ಕೆ ಏಳೆಂಟು ಭಾಗಾಕಾರಗಳು. ಇಪ್ಪತ್ತೊಂದು ಅಂಕೆಗಳ ಸಂಖ್ಯೆಯನ್ನು ಇಷ್ಟು ವೇಗವಾಗಿ ಕೈಯಿಂದ ಭಾಗಿಸುವುದು ಯಾರಿಂದಲೂ ಆಗದು. ಆದುದರಿಂದ ಕೋಲ್ ಒಂದೊಂದನ್ನೇ ಭಾಗಿಸುತ್ತ ಹೋಗಲಿಲ್ಲ. ವರ್ಗಸಂಖ್ಯೆಗಳು ಉಳಿಸುವ ಶೇಷಗಳ ಗುಣಗಳನ್ನು ಬಳಸಿ, ಅಪವರ್ತನವು ಪಾಲಿಸಲೇಬೇಕಾದ ಹೊಸ ಹೊಸ ನಿಬಂಧನೆಗಳನ್ನು ಅವನು ಕಂಡುಕೊಂಡನು. ಜರಡಿಯ ಮೇಲೆ ಜರಡಿಯಿಟ್ಟು ಕಾಳನ್ನು ಸೋಸುವಂತೆ ಪ್ರತಿಯೊಂದು ನಿಬಂಧನೆಯಿಂದಲೂ ಅಯೋಗ್ಯ ಸಂಖ್ಯೆಗಳನ್ನು ಕೆಳಕ್ಕೆ ಬೀಳಿಸುತ್ತ ಬಂದನು. ಕೊನೆಯಲ್ಲಿ ಉಳಿದದ್ದು ಬಿರುಕಿನ ನಿಜವಾದ ಜಾಗ.

ಮೂರು ವರ್ಷಗಳಲ್ಲಿ ದೊರೆತ ಈ ಉತ್ತರವನ್ನು ಪರೀಕ್ಷಿಸಲು ಮೂರು ವರ್ಷಗಳು ಬೇಕಿಲ್ಲ. ಒಂದು ಹಾಳೆ, ಒಂದು ಸೀಸದಕಡ್ಡಿ, ಒಂದು ಗಂಟೆಯ ತಾಳ್ಮೆ ಇದ್ದರೆ ಪ್ರೌಢಶಾಲೆಯ ಯಾವ ವಿದ್ಯಾರ್ಥಿಯಾದರೂ ಆ ಗುಣಾಕಾರವನ್ನು ಮಾಡಬಹುದು. ಅದಕ್ಕೂ ಮೊದಲು ಒಂದು ಸಣ್ಣ ತಾಳೆಯನ್ನು ನೋಡಬಹುದು. ಮೊದಲನೆಯ ಅಪವರ್ತನದ ಅಂಕೆಗಳ ಮೊತ್ತ 37. 3 ಮತ್ತು 7 ಕೂಡಿದರೆ 10, ಮತ್ತೆ ಕೂಡಿದರೆ 1. ಎರಡನೆಯದರ ಮೊತ್ತ 64. 6 ಮತ್ತು 4 ಕೂಡಿದರೆ 10, ಮತ್ತೆ 1. ಒಂದನ್ನು ಒಂದರಿಂದ ಗುಣಿಸಿದರೆ 1. ಮಹಾಸಂಖ್ಯೆಯ ಅಂಕೆಗಳ ಮೊತ್ತ 109. ಅದೂ 10 ಆಗಿ, 1ಕ್ಕೆ ಇಳಿಯುತ್ತದೆ. ತಾಳೆ ಸರಿಹೋಯಿತು. ಈ ತಾಳೆ ತಪ್ಪಿದರೆ ಗುಣಾಕಾರ ಖಂಡಿತ ತಪ್ಪು. ಆದರೆ ತಾಳೆ ಸರಿಬಂದ ಮಾತ್ರಕ್ಕೆ ಗುಣಾಕಾರ ಸರಿಯೆಂದು ಹೇಳುವಂತಿಲ್ಲ. ಪೂರ್ತಿ ಗುಣಿಸಿ ನೋಡಿದಾಗಲೇ ನಿಶ್ಚಯ.

ಮರ್ಸೆನ್‌ನ ಪಟ್ಟಿಯ ತಪ್ಪು ಇದೊಂದೇ ಆಗಿರಲಿಲ್ಲ. 1883ರಲ್ಲಿ ರಷ್ಯದ ಪೆರ್ವುಶಿನ್ ಎಂಬ ಪಾದ್ರಿ 2⁶¹ – 1 ಅವಿಭಾಜ್ಯವೆಂದು ತೋರಿಸಿದನು; ಅದು ಪಟ್ಟಿಯಲ್ಲಿರಲಿಲ್ಲ. 1911ರಲ್ಲಿ ಘಾತಸೂಚಿ 89 ಮತ್ತು 1914ರಲ್ಲಿ ಘಾತಸೂಚಿ 107 ಅವಿಭಾಜ್ಯಗಳನ್ನು ಕೊಡುವುದು ಕಂಡುಬಂತು, ಅವೂ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯ ಕೊನೆಯದಾದ 257 ಸಂಯುಕ್ತ ಸಂಖ್ಯೆಯನ್ನು ಕೊಡುತ್ತದೆಂದು ಗೊತ್ತಾಯಿತು. 257ರವರೆಗಿನ ಪರಿಶೋಧನೆ 1947ರ ವೇಳೆಗೆ ಮುಗಿದಾಗ ಒಟ್ಟು ಐದು ತಪ್ಪುಗಳು ಲೆಕ್ಕಕ್ಕೆ ಸಿಕ್ಕಿದ್ದುವು: ಸೇರಬಾರದ ಎರಡು ಸೇರಿದ್ದುವು, ಸೇರಬೇಕಾದ ಮೂರು ಬಿಟ್ಟುಹೋಗಿದ್ದುವು. ಆದರೂ ಗಣಿತಲೋಕ ಮರ್ಸೆನ್‌ನನ್ನು ಹೀಗಳೆಯಲಿಲ್ಲ. ಈ ಬಗೆಯ ಅವಿಭಾಜ್ಯಗಳಿಗೆ ಇಂದಿಗೂ ಮರ್ಸೆನ್ ಅವಿಭಾಜ್ಯಗಳೆಂದೇ ಹೆಸರು. ಅವನ ಉತ್ತರ ತಪ್ಪಾಗಿದ್ದರೂ, ಅದು ಎತ್ತಿದ ಪ್ರಶ್ನೆ ಮೂರು ಶತಮಾನಗಳ ಕಾಲ ಬುದ್ಧಿವಂತರಿಗೆ ಕೆಲಸ ಕೊಟ್ಟಿತು. 2024ರಲ್ಲಿ ಕಂಡುಬಂದ ಇಂಥ ಒಂದು ಅವಿಭಾಜ್ಯದ ಘಾತಸೂಚಿ 13,62,79,841. ಅದರಲ್ಲಿರುವ ಅಂಕೆಗಳೇ ನಾಲ್ಕು ಕೋಟಿಗೂ ಹೆಚ್ಚು. ಅದನ್ನು ಹುಡುಕಿದ್ದು ಗಣಕಯಂತ್ರಗಳು. ಅದು ಅವಿಭಾಜ್ಯವೆಂದು ಸಾಧಿಸಿದ್ದು ಲ್ಯೂಕಾ ತೋರಿಸಿ ಲೆಮರ್ ಸರಳಗೊಳಿಸಿದ ಆ ಪರೀಕ್ಷೆಯೇ.

ಕೋಲ್‌ನ ಭಾನುವಾರಗಳ ಕೆಲಸವನ್ನು ಇಂದಿನ ಸಾಮಾನ್ಯ ಗಣಕಯಂತ್ರ ಒಂದು ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಮುಗಿಸುತ್ತದೆ. ಹಾಗೆಂದು ಆ ಕಷ್ಟ ಮಾಯವಾಗಿಲ್ಲ. ಇನ್ನೂ ದೊಡ್ಡ ಸಂಖ್ಯೆಗಳಿಗೆ ಸರಿದಿದೆ, ಅಷ್ಟೆ. ಸಂಖ್ಯೆ ಅವಿಭಾಜ್ಯವೇ ಎಂದು ನಿರ್ಧರಿಸುವುದು ಒಂದು ಕೆಲಸ, ಅದರ ಅಪವರ್ತನಗಳನ್ನು ಹುಡುಕುವುದು ಮತ್ತೊಂದು ಕೆಲಸ ಎಂಬ ವ್ಯತ್ಯಾಸ ಲ್ಯೂಕಾನ ಕಾಲದಲ್ಲಿ ಕಂಡಿತಷ್ಟೆ. ಅದು ಇಂದಿಗೂ ಉಳಿದಿದೆ. ಮೊದಲನೆಯ ಕೆಲಸಕ್ಕೆ, ಯಾವ ಬಗೆಯ ಸಂಖ್ಯೆಗಾದರೂ ಒಪ್ಪುವ ಶೀಘ್ರವಾದ ಹಾಗೂ ನಿಶ್ಚಿತವಾದ ವಿಧಾನವೊಂದನ್ನು 2002ರಲ್ಲಿ ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರು ರೂಪಿಸಿ ಜಗತ್ತಿನ ಮನ್ನಣೆಗೆ ಪಾತ್ರರಾದರು. ಎರಡನೆಯ ಕೆಲಸಕ್ಕೆ ಸಾಮಾನ್ಯ ಗಣಕಯಂತ್ರಗಳಲ್ಲಿ ನಡೆಯುವ ಅಂಥ ಶೀಘ್ರವಿಧಾನ ಇದುವರೆಗೆ ದೊರೆತಿಲ್ಲ.

ಈ ಕಷ್ಟವನ್ನೇ ಮನುಷ್ಯ ಉಪಯೋಗಕ್ಕೆ ತಂದುಕೊಂಡಿದ್ದಾನೆ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಕ್ಷಣದ ಕೆಲಸ. ಗುಣಲಬ್ಧವನ್ನು ಮಾತ್ರ ಕೊಟ್ಟು ಅವೆರಡನ್ನು ಹೇಳೆಂದರೆ ಪರಿಣತರೂ ಸೋಲುತ್ತಾರೆ. ಹಾಲಿಗೆ ಹೆಪ್ಪು ಹಾಕುವುದು ಸುಲಭ, ಮೊಸರನ್ನು ಮತ್ತೆ ಹಾಲಾಗಿಸುವುದು ದುಸ್ಸಾಧ್ಯ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ವಿಜ್ಞಾನಿಗಳು ಇದರ ಆಧಾರದ ಮೇಲೆ ಗುಪ್ತಲಿಪಿಯ ಹೊಸ ವಿಧಾನವನ್ನು ರಚಿಸಿದರು. ಅದೇ ವರ್ಷ ಅವರು 129 ಅಂಕೆಗಳ ಸಂಖ್ಯೆಯೊಂದನ್ನು ಪ್ರಕಟಿಸಿ, ಅದನ್ನು ಅಪವರ್ತಿಸುವಂತೆ ಲೋಕಕ್ಕೆ ಸವಾಲು ಹಾಕಿದರು. ಹದಿನೇಳು ವರ್ಷಗಳ ಅನಂತರ, 1994ರಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ತಿಂಗಳುಗಟ್ಟಲೆ ದುಡಿಸಿ ಅದನ್ನು ಒಡೆದರು. 2020ರಲ್ಲಿ 250 ಅಂಕೆಗಳ ಇಂಥ ಒಂದು ಸಂಖ್ಯೆಯೂ ಒಡೆಯಿತು. ಬ್ಯಾಂಕಿನ ವ್ಯವಹಾರಗಳನ್ನೂ ಖಾಸಗಿ ಸಂದೇಶಗಳನ್ನೂ ಕಾಪಾಡಲು ಈ ವಿಧಾನವನ್ನು ಬಳಸುವಾಗ ಆರುನೂರಕ್ಕೂ ಹೆಚ್ಚು ಅಂಕೆಗಳ ಸಂಖ್ಯೆಗಳನ್ನು ಆರಿಸಿಕೊಳ್ಳುತ್ತಾರೆ. ಕೋಲ್‌ನನ್ನು ಮೂರು ವರ್ಷ ಕಾಡಿದ ತೊಡಕು ಹೀಗೆ ಬೀಗವಾಗಿ ಮಾರ್ಪಟ್ಟಿದೆ.

ಲೌಕಿಕ ವಿಷಯಗಳಲ್ಲಿ ಹೇಳಿದವರು ಯಾರೆಂಬುದರ ಮೇಲೆ ಮಾತಿಗೆ ತೂಕ ಬರುವುದುಂಟು. ಗಣಿತದಲ್ಲಿ ಆ ತೂಕ ನಡೆಯದು. ಮರ್ಸೆನ್ ದೊಡ್ಡ ವಿದ್ವಾಂಸನಾಗಿದ್ದನು. ಆದರೂ ಸಂಖ್ಯೆ ಅವನ ಮಾತಿನಂತೆ ನಡೆದುಕೊಳ್ಳಲಿಲ್ಲ. ಕೋಲ್ ತನ್ನ ಹೆಸರನ್ನಾಗಲಿ ಪದವಿಯನ್ನಾಗಲಿ ಮುಂದಿಟ್ಟುಕೊಂಡು ನಂಬಿರೆಂದು ಕೇಳಲಿಲ್ಲ. ಎಲ್ಲರೆದುರಿಗೆ ಗುಣಿಸಿ ತೋರಿಸಿದನು. ಆ ಗುಣಾಕಾರವನ್ನು ಯಾವ ಊರಿನ ಯಾವ ವಿದ್ಯಾರ್ಥಿ ಮಾಡಿದರೂ ಕೊನೆಯ ಸಾಲಿನಲ್ಲಿ ಬರುವುದು ಅವೇ ಇಪ್ಪತ್ತೊಂದು ಅಂಕೆಗಳು. ಬಾರದಿದ್ದರೆ ಎಲ್ಲೋ ಕೈ ತಪ್ಪಿದೆ ಎಂದು ಅರ್ಥ, ಮತ್ತೊಮ್ಮೆ ಗುಣಿಸಬೇಕು.